ಮೊದಲ ಬೆಂಚಿಗೆ ಹತ್ತಕ್ಕೆ ಹತ್ತು

ಗಂಡನಿಗೆ ಬ್ಯಾಂಕಿನಿಂದ ವಡೋದರಕ್ಕೆ ವರ್ಗವಾದ ಮೇಲೆ ನಾನು ಅಲ್ಲಿನ ಬಿ.ಎಡ್. ಕಾಲೇಜೊಂದರಲ್ಲಿ ಗಣಿತ ಕಲಿಸುವುದು ಹೇಗೆಂದು ಕಲಿಸತೊಡಗಿದೆ. ಎಲ್ಲ ಮಕ್ಕಳನ್ನೂ ಒಳಗೊಳ್ಳುವ ತರಗತಿಯ ಬಗ್ಗೆ ಪುಟಗಟ್ಟಲೆ ನೋಟ್ಸ್ ಬರೆಸುತ್ತಿದ್ದೆ. ಅಂಥ ಒಂದು ತರಗತಿಗೂ ನಾನು ಪಾಠ ಮಾಡಿದವಳಲ್ಲ.

ಊರಿನ ಗೋರ್ವಾ ಬಡಾವಣೆಯ ಶಾಲೆಯೊಂದರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಅಭ್ಯಾಸ ಪಾಠವಿತ್ತು. ಉಡುಪಿ ಕಡೆಯ ಹೋಟೆಲಿನವರ ಮಗ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಒಂಬತ್ತನೆಯ ತರಗತಿ, ತ್ರಿಭುಜದ ಮೂರು ಕೋನಗಳ ಮೊತ್ತ. ಮೊದಲ ಬೆಂಚಿನಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಳು. ಅವನು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಚಂದದ ಚಿತ್ರ ಬರೆದು, "ಈ ಕೋನ, ನೋಡಿ, ಈ ಕೋನಕ್ಕೆ ಸಮ" ಎಂದ.

"ಯಾವ ಕೋನ, ಸರ್?" ಹುಡುಗಿ ಕೇಳಿದಳು.

"ನೀನು ಸುಮ್ಮನೆ ಕೇಳಿಸ್ಕೊ ಬೇಟಾ, ಸಾಕು."

ಕೇಳಿಸಿಕೊಳ್ಳಲು ಏನಿತ್ತು? ಈ, ಈ, ಈ.

ಅಂಕ ಕೊಡಲು ಬಂದಿದ್ದ ನಮ್ಮ ಹಿರಿಯ ಪ್ರಾಧ್ಯಾಪಕರು 'ಒಳಗೊಳ್ಳುವಿಕೆ'ಯ ಕಾಲಮ್ಮಿನಲ್ಲಿ ಹತ್ತಕ್ಕೆ ಹತ್ತು ಬರೆದರು. ಯಾಕೆಂದು ಕೇಳಿದೆ. "ಮೊದಲ ಬೆಂಚಿನಲ್ಲಿ ಕೂರಿಸಿದ್ದಾನಲ್ಲ ಮೇಡಂ" ಎಂದು ಚಹಾ ಹೀರಿದರು. ಈ ವಿದ್ವತ್ತಿಗೆ ಶಾಲು ಹೊದಿಸುವವರೂ ಇದ್ದರು.

ಮರುದಿನ ಆ ಹುಡುಗನಿಗೆ ಅದೇ ಪಾಠವನ್ನು ನನಗೆ ಫೋನಿನಲ್ಲಿ ಮಾಡಲು ಹೇಳಿದೆ. ಎರಡೇ ನಿಮಿಷಕ್ಕೆ ಸಿಕ್ಕಿಬಿದ್ದ. "'ಈ' ಅನ್ನದೆ ಹೇಗೆ ಹೇಳುದು ಮೇಡಂ, ಗೊತ್ತಾಗುದಿಲ್ಲ." ತನಗೆ ಗೊತ್ತಿಲ್ಲವೆಂಬುದಾದರೂ ಅವನಿಗೆ ಗೊತ್ತಾಯಿತು. ಪ್ರಾಧ್ಯಾಪಕರಿಗೆ ನಿವೃತ್ತಿಯವರೆಗೂ ಆ ಭಾಗ್ಯ ಬರಲಿಲ್ಲ.

ಅವನ ತಾಯಿ ರವಿಕೆ ಹೊಲಿಯುತ್ತಿದ್ದರು. ಬಟ್ಟೆಗೆ ಗುರುತು ಹಾಕಲು ಅವರು ಉರುಳಿಸುವ, ಅಂಚಿಗೆ ಹಲ್ಲುಗಳಿರುವ ಪುಟ್ಟ ಚಕ್ರವನ್ನು ಅವನು ತಂದ. ರಬ್ಬರ್ ಹಾಸಿನ ಮೇಲೆ ದಪ್ಪ ಕಾಗದವಿಟ್ಟು ಚಕ್ರ ಉರುಳಿಸಿದರೆ ಇನ್ನೊಂದು ಮಗ್ಗುಲಲ್ಲಿ ಗೆರೆ ಚುಕ್ಕೆಚುಕ್ಕೆಯಾಗಿ ಉಬ್ಬುತ್ತಿತ್ತು. ಎ ಮೂಲೆಗೆ ಒಂದು ಚುಕ್ಕೆ, ಬಿಗೆ ಎರಡು, ಸಿಗೆ ಮೂರು ಒತ್ತಿದ. ಇಬ್ಬರೂ ಮತ್ತೆ ಗೋರ್ವಾಕ್ಕೆ ಹೋದೆವು.

ಹುಡುಗಿ ಬಹಳ ಹೊತ್ತು ಬೆರಳಾಡಿಸಿದಳು. "ಸರ್, ಬಿ ಎಡಕ್ಕಿದೆ ಅಂದ್ರಿ. ಇಲ್ಲಿ ಬಲಕ್ಕಿದೆ."

ಕಾಗದ ಮಗುಚಿದರೆ ಎಡಬಲ ಅದಲುಬದಲಾಗುತ್ತದೆಂದು ಗಣಿತದ ಇಬ್ಬರು ಪಂಡಿತರಿಗೆ ಹೊಳೆದಿರಲಿಲ್ಲ. ಅವನು ಕಿವಿ ಕೆಂಪಗೆ ಮಾಡಿಕೊಂಡು ಇನ್ನೊಂದು ಹಾಳೆಯಲ್ಲಿ ಎಡಬಲ ತಿರುವಿ ಬರೆದುಕೊಟ್ಟ. ಗಂಟೆ ಹೊಡೆಯುವುದರೊಳಗೆ ಅವಳು ಮೂರು ಕೋನ ಸೇರಿ ನೂರೆಂಬತ್ತು ಡಿಗ್ರಿ ಎಂಬುದರ ಸಾಧನೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು.

ಸುದ್ದಿ ತಿಳಿದು ಪ್ರಾಧ್ಯಾಪಕರು ಫೋಟೋದವನನ್ನು ಶಾಲೆಗೆ ಕರೆದುಕೊಂಡು ಬಂದರು. ಫೋಟೋದಲ್ಲಿ ಚುಕ್ಕೆಗಳು ಕಾಣುತ್ತಿರಲಿಲ್ಲ. "ಸ್ಕೆಚ್ ಪೆನ್ನಿನಲ್ಲಿ ಗೆರೆ ದಪ್ಪ ಮಾಡಪ್ಪ" ಎಂದರು.

"ಅದು ಯಾರಿಗೆ, ಸರ್?" ಹುಡುಗಿ ಕೇಳಿದಳು.

ಹುಡುಗನ ಉಳಿದ ಅಂಕಗಳು ಪ್ರಾಧ್ಯಾಪಕರ ಕೈಯಲ್ಲಿದ್ದವು. ಅವನು ತಲೆತಗ್ಗಿಸಿ ಗೆರೆ ಎಳೆದ. ಬೇಡವೆನ್ನಬಹುದಾಗಿದ್ದ ನಾನು ಪೆನ್ನಿನ ಮುಚ್ಚಳ ಹಿಡಿದುಕೊಂಡು ನಿಂತಿದ್ದೆ. ಕಾಲೇಜಿನ ಪುಸ್ತಿಕೆಯಲ್ಲಿ ಆ ಫೋಟೋ ಪ್ರಾಧ್ಯಾಪಕರ ಹೊಸ ವಿಧಾನವೆಂಬ ತಲೆಬರಹದಡಿ ಅಚ್ಚಾಯಿತು.

ವಾರ್ಷಿಕ ಪರೀಕ್ಷೆಯಲ್ಲಿ ಚಿತ್ರವಿರುವ ಪ್ರಶ್ನೆಯನ್ನು ಬಿಟ್ಟುಬಿಡೆಂದು ಶಾಲೆಯವರು ಹುಡುಗಿಗೆ ಹೇಳಿದರಂತೆ. ಅವಳು ಬಿಡಲಿಲ್ಲ. ಬರೆದುಕೊಡಲು ಕೂತಿದ್ದ ಕೆಳತರಗತಿಯವಳಿಗೆ ಎಲ್ಲೂ 'ಈ' ಅನ್ನದೆ, ಎ, ಬಿ, ಸಿ ಎಂದೇ ಒಂದೊಂದೇ ಸಾಲು ಹೇಳಿ ಉತ್ತರ ಬರೆಸಿದಳು.