ಮೂರು ಸಲ ಜಗ್ಗಿದ ಹಗ್ಗ

ಇಂಥವನ್ನು ನಂಬುವವನು ನಾನಲ್ಲ. ಓದಿದ್ದು ರಸಾಯನಶಾಸ್ತ್ರ. ಯಾರಾದರೂ ಇಂಥ ಕತೆ ಹೇಳಿದರೆ, ಅಂದು ಸರಿಯಾಗಿ ನಿದ್ದೆ ಮಾಡಿದ್ದಿರಾ ಎಂದು ಕೇಳುತ್ತಿದ್ದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಾನೂ ಅಂದು ನಿದ್ದೆಗೆಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ ಗಬ್ಬೂರಿನ ಆಚೆ ಒಂದು ಸಣ್ಣ ಬಡಾವಣೆಯ ಚರಂಡಿ ನೀರನ್ನು ಶುದ್ಧೀಕರಿಸುವ ಘಟಕ ನನ್ನ ಉಸ್ತುವಾರಿಯಲ್ಲಿತ್ತು. ಅಲ್ಲಿದ್ದವರು ನಾನು ಮತ್ತು ಪಂಪ್ ನೋಡಿಕೊಳ್ಳುವ ನನ್ನ ವಾರಿಗೆಯ ಫಕೀರಪ್ಪ, ಇಬ್ಬರೇ. ನಮ್ಮಲ್ಲಿ ನಳ ಬರುವುದು ಎಷ್ಟೋ ದಿನಕ್ಕೊಮ್ಮೆ. ಬಂದ ದಿನ ಎಲ್ಲ ಮನೆಗಳಲ್ಲೂ ಒಟ್ಟಿಗೇ ಬಟ್ಟೆ ಒಗೆಯುತ್ತಾರೆ. ಆ ನೀರೆಲ್ಲ ಒಮ್ಮೆಲೇ ನಮ್ಮ ಪಂಪಿನ ಬಾವಿಗೆ ನುಗ್ಗುತ್ತದೆ. ಅಂಥ ಒಂದು ಮಧ್ಯಾಹ್ನ ಪಂಪಿಗೆ ಚಿಂದಿ ಸಿಕ್ಕಿ ನಿಂತುಹೋಯಿತು. ಸರಪಳಿ ಹಿಡಿದು ಎತ್ತಿದರೆ ಜಪ್ಪಯ್ಯ ಎಂದರೂ ಮೇಲೆ ಬರಲಿಲ್ಲ. ತಗ್ಗಿನ ಮನೆಗಳ ಬಚ್ಚಲಲ್ಲಿ ಹೊಲಸು ನೀರು ಉಕ್ಕುತ್ತಿದೆ ಎಂದು ಫೋನ್ ಮೇಲೆ ಫೋನ್. ಯಾರಾದರೂ ಬಾವಿಗೆ ಇಳಿಯಲೇಬೇಕಿತ್ತು.

ಇಳಿಯುವ ಮೊದಲು ವಿಷಗಾಳಿ ತೋರಿಸುವ ಮೀಟರನ್ನು ಒಳಗೆ ಬಿಟ್ಟು ನೋಡಬೇಕು. ಸೊಂಟಕ್ಕೆ ಹಗ್ಗ ಬಿಗಿಯುತ್ತ ಫಕೀರಪ್ಪ ಕೇಳಿದ, "ಮೀಟರ್ ಬಿಟ್ಟ ನೋಡೀರೇನ್ರಿ ಸಾಹೇಬ್ರ?"

ಮೀಟರ್ ಕಪಾಟಿನಲ್ಲಿತ್ತು. ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ. ಕಪಾಟಿನವರೆಗೆ ನಡೆಯಲೂ ಬೇಸರ. "ಹೂಂ, ನೋಡೇನಿ" ಎಂದೆ.

ಹಗ್ಗದ ಒಂದು ತುದಿ ಅವನ ಸೊಂಟದಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಡುವಿನ ಭಾಗ ಬಾವಿಯೊಳಗೆ ಸಡಿಲವಾಗಿ ಜೋತುಬಿದ್ದಿತ್ತು. ಮೂರು ಸಲ ಜಗ್ಗಿದರೆ ಮೇಲೆ ಎತ್ತಬೇಕೆಂಬುದು ನಮ್ಮ ಸನ್ನೆ. ಅವನು ಏಣಿ ಹಿಡಿದಿದ್ದನಷ್ಟೇ, ಕಾಲಿಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದ ಹಗ್ಗವನ್ನು ಯಾರೋ ಮೂರು ಸಲ ಜಗ್ಗಿದರು.

"ಯಾಕ್ರಿ, ಇಳಿಯೂಕಿಂತ ಮೊದಲ ಮೂರ ಸಲ ಜಗ್ಗತೀರಲ್ಲ?" ಎಂದ ಫಕೀರಪ್ಪ.

"ನಾ ಎಲ್ಲಿ ಜಗ್ಗೇನಿ? ನೀನ ಜಗ್ಗಿದಿ."

"ನನ್ನ ಎರಡೂ ಕೈ ಏಣಿ ಮ್ಯಾಲ ಅದಾವ ನೋಡ್ರಿ. ಒಳಗ ನಮ್ಮ ಬೀಗರು ಕುಂತಾರೇನ್ ಮತ್ತ?"

ಇಬ್ಬರೂ ನಕ್ಕೆವು. ಆಮೇಲೆ ಬಾವಿಯೊಳಗೆ ಬಗ್ಗಿ ನೋಡಿದೆವು.

"ತಡಿ, ಇನ್ನೊಮ್ಮೆ ಮೀಟರ್ ಬಿಟ್ಟ ನೋಡೂಣು" ಎಂದು ಕಪಾಟಿಗೆ ಓಡಿದೆ. ಮೀಟರ್ ಬಾವಿಯ ಅರ್ಧಕ್ಕೂ ಇಳಿದಿರಲಿಲ್ಲ, ಕಿರುಚತೊಡಗಿತು. ಫಕೀರಪ್ಪ ಸೊಂಟದ ಗಂಟು ಬಿಚ್ಚಿದ.

ಹಗ್ಗ ಏಣಿಯ ಮೆಟ್ಟಿಲಿಗೆ ಸಿಕ್ಕಿರಬಹುದು, ದಣಿದ ತೋಳು ನಡುಗಿರಬಹುದು. ಆದರೆ ಇಬ್ಬರಿಗೂ ಮೂರೇ ಸಲ? ಮೊನ್ನೆ, ನಾನೇ ಬರೆದ ಅಂದಿನ ದಿನಚರಿ ತೆಗೆದು ನೋಡಿದೆ. ಹಗ್ಗದ ಸುದ್ದಿಯೇ ಇಲ್ಲ. 'ಇನ್ನೊಮ್ಮೆ ಮೀಟರ್ ಬಿಟ್ಟು ನೋಡಿದೆವು' ಎಂದಷ್ಟೇ ಇದೆ. ದಿನಚರಿಯಲ್ಲೂ ಆ 'ಇನ್ನೊಮ್ಮೆ'. ಹಾಗೆ ಬರೆದ ಕೈಯನ್ನು ಹಗ್ಗದ ವಿಷಯದಲ್ಲಿ ಎಷ್ಟು ನಂಬಲಿ?

ಫಕೀರಪ್ಪನಿಗೆ ಮಾತ್ರ ಸಂಶಯವೇ ಇಲ್ಲ. ಮಗಳ ಮದುವೆಯಲ್ಲಿ ಬೀಗರ ಮುಂದೆ ನನ್ನನ್ನು ನಿಲ್ಲಿಸಿ, "ಇವರ ನೋಡ್ರಿ, ಹಗ್ಗಾ ಜಗ್ಗಿ ನನ್ನ ಜೀವಾ ಉಳಿಸಿದವರು" ಎಂದ. ಮದುಮಗಳು ಕಾಲಿಗೆ ಬಿದ್ದಳು. ನಾನು ಜಗ್ಗಿಲ್ಲವೆಂದರೆ, "ದೊಡ್ಡವರು ಹಂಗ ಅಂತಾರ" ಎಂದು ಊಟದ ಎಲೆಗೆ ಕರೆದೊಯ್ದ.

ಜಗ್ಗಿದವರು ಯಾರೋ, ಇಂದಿಗೂ ತಿಳಿದಿಲ್ಲ. ನಾನಲ್ಲ ಎಂದು ಅವನಿಗೆ ಎಷ್ಟೋ ಸಲ ಹೇಳಿದ್ದೇನೆ. ಕಪಾಟಿನ ಮಾತು ಇನ್ನೂ ಹೇಳಿಲ್ಲ.