ಸೇತುವೆ ಎಲ್ಲಿರಬೇಕು?

ಇವತ್ತು ದೊಡ್ಡವ್ವನ ಜೊತೆ ಜಗಳವಾಯಿತು ಗೆಳೆಯರೇ, ಅದೂ ಒಂದು ಸೇತುವೆಗಾಗಿ.

ವಿಡಿಯೊ ಗೇಮ್ ಆಡುವವರು ಎಲ್ಲಿ ನಡೆಯಬೇಕು, ಎಲ್ಲಿ ಜಿಗಿಯಬೇಕು ಎಂದು ಲೆವೆಲ್ ಕಟ್ಟಿಕೊಡುವುದು ನನ್ನ ಕೆಲಸ. ಕಣ್ಣು ತೋರಿಸಲು ಸುರಪುರದ ಕಡೆಯಿಂದ ಶಹಾಪುರದ ನಮ್ಮ ಮನೆಗೆ ಬಂದಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ನನ್ನ ಕಂಪ್ಯೂಟರಿನತ್ತ ಬಗ್ಗಿ ನೋಡಿದಳು.

"ಇದು ನಮ್ಮೂರ ಕಾಲುವಿ ಅಲ್ಲೇನ?"

"ಹೌದು ದೊಡ್ಡವ್ವ, ಅದನ್ನ ನೋಡೇ ಮಾಡೀನಿ."

"ಮತ್ತ ಸೇತುವಿ ಮನಿ ಮುಂದ ಯಾಕ ಇಟ್ಟಿ? ಖರೇ ಸೇತುವಿ ಊರ ಆಚಿ ಭಾಳ ದೂರ ಅದ. ಕಾಲುವಿ ಆದಮ್ಯಾಲ ನಾನು, ನಿಮ್ಮವ್ವ ದಿನಾ ಸುತ್ತು ಹಾಕಿ ಹೊಲಕ್ಕ ಹೋಗ್ತಿದ್ವಿ."

"ಅಷ್ಟು ದೂರ ನಡಿಸಿದ್ರ ಆಡೋರಿಗೆ ಬ್ಯಾಸರ ಆಗ್ತದ."

"ಯಾಕ ಆಗ್ತದ? ಹೊಲ ಬಂದ್ರೂ ನಮ್ಮ ಮಾತು ಮುಗೀತಿದ್ದಿಲ್ಲ. ನಿಮ್ಮಪ್ಪನ್ನ ಮದುವಿ ಆಗ್ಲೋ ಬ್ಯಾಡೋ ಅಂತ ಆಕಿ ನನ್ನ ಕೇಳಿದ್ದು ಆ ಕಾಲುವಿ ದಂಡಿ ಮ್ಯಾಲೇ."

"ನೀ ಏನಂದಿ?"

"ಬ್ಯಾಡ ಅಂದೆ."

ಅವ್ವ ತೀರಿಕೊಂಡು ಆರು ವರ್ಷವಾಯಿತು. ಈ ಮಾತನ್ನು ನನಗೆ ಅವಳೂ ಹೇಳಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಅಕ್ಕನ ಮೇಲೆ ಮುನಿಸಿಕೊಂಡು ಮುಂದೆ ಮುಂದೆ ನಡೆಯುವ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು. ಆಟದ ಸೇತುವೆಯನ್ನು ಎತ್ತಿ ಊರಾಚೆ ಇಟ್ಟೆ.

ಸಂಜೆ ನಮ್ಮ ತಂಡದ ಮುಖ್ಯಸ್ಥರು ಫೋನ್ ಮಾಡಿದರು. "ಇಷ್ಟುದ್ದ ದಾರಿಯಲ್ಲಿ ಏನೂ ನಡೆಯುವುದೇ ಇಲ್ಲವಲ್ಲ?"

ಆ ದಾರಿಯಲ್ಲಿ ಅವ್ವ ದೊಡ್ಡವ್ವನ ಮಾತು ಕೇಳಿದ್ದರೆ ಈ ಲೆವೆಲ್ ಕಟ್ಟಲು ನಾನೇ ಇರುತ್ತಿರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ!