ಬೆಳ್ಳಕ್ಕಿ ಇಳಿದ ಹೊಲ

ಮೊಣಕಾಲು ಹಿಡಿದುಕೊಂಡ ಮೇಲೆ ದೊಡ್ಡವ್ವ ಸಾರವಾಡ ಬಿಟ್ಟು ವಿಜಯಪುರದ ನಮ್ಮ ಮನೆಗೆ ಬಂದಳು. ಜೀವಮಾನವೆಲ್ಲ ದುಡಿದ ಹೊಲಕ್ಕೆ ಇನ್ನು ಕಾಲಿಡುವಂತಿಲ್ಲ. ಕಾಲಿಗಂಟುವ ಕರಿ ಎರೆಮಣ್ಣಿನಲ್ಲಿ ಹೆಜ್ಜೆ ಕಿತ್ತಿಡುವ ಶಕ್ತಿ ಉಳಿದಿರಲಿಲ್ಲ. ಒಂದು ದಿನ ಕೇಳಿದಳು: “ನೀ ಕತಿ ಬರೀತಿ ಅಲ್ಲೇನಪಾ, ನಮ್ಮ ಹೊಲಾ ಒಮ್ಮಿ ಬರದು ತೋರಸು.”

ನನಗೆ ಕೋಡು ಮೂಡಿತು. ಬರೆಯುತ್ತಿದ್ದ ಕಾದಂಬರಿಯಲ್ಲಿ ಆ ಹೊಲ ಹೇಗೂ ಬರಬೇಕಿತ್ತು. ಎರಡು ಪುಟ ತುಂಬ ಕಪ್ಪು ಬಳಿದೆ: ಕಡುಗಪ್ಪು, ಕಾಡಿಗೆಗಪ್ಪು, ಕಗ್ಗತ್ತಲ ಕಪ್ಪು. ದನಿ ಗಂಭೀರ ಮಾಡಿಕೊಂಡು ಓದಿ ಹೇಳಿದೆ.

ದೊಡ್ಡವ್ವ ಕರಿ ಕಂಬಳಿ ಹಾಸಿ ಜೋಳ ಹಸನು ಮಾಡುತ್ತ ಕೇಳಿದಳು. “ಯಪ್ಪಾ, ಕಂಬಳಿ ಮ್ಯಾಲ ಬಿಳಿಜ್ವಾಳ ಸುರುವಿದ್ರ ಒಂದೊಂದು ಕಾಳೂ ಕಾಣತೈತಿ. ನೀ ಕರೇ ಎಳ್ಳು ಸುರುವಿದಿ. ಏನೂ ಕಾಣವಲ್ದು. ಹೊಲಾ ಎಲ್ಲೈತಿ?”

ಸಾಲೆಯ ಮೆಟ್ಟಿಲು ಹತ್ತದವಳು ನನಗೆ ಕಲಿಸುವುದೇ ಎಂದು ಸಿಟ್ಟು ನೆತ್ತಿಗೇರಿತು. ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದೆ. ಅವಳು ಮಾತ್ರ ಏನೂ ಆಗದವಳಂತೆ ರೊಟ್ಟಿ ಬಡಿದು ಹಾಕಿದಳು.

ಭಾನುವಾರ ಸಾರವಾಡದ ಬಸ್ಸು ಹತ್ತಿದೆ. ನಾಲ್ಕು ದಿನದ ಹಿಂದೆ ಮಳೆಯಾಗಿ ನೆಲ ಹದಕ್ಕೆ ಬಂದಿತ್ತು. ದೊಡ್ಡವ್ವನ ಮಗ, ನನ್ನ ಅಣ್ಣ, ಟ್ರ್ಯಾಕ್ಟರ್ ಹಚ್ಚಿ ಮಣ್ಣು ಮಗುಚಿ ಹೊಲ ಹರಗುತ್ತಿದ್ದ. ಬದುವಿನ ಮೇಲೆ ನಿಂತು ಎಷ್ಟು ನೋಡಿದರೂ ನೆಲ ಬರೀ ನೆಲ. ಅಷ್ಟರಲ್ಲಿ ಹುಳ ಹೆಕ್ಕಲು ಟ್ರ್ಯಾಕ್ಟರಿನ ಹಿಂದೆ ಒಂದು ಬೆಳ್ಳಕ್ಕಿ ಇಳಿಯಿತು.

ಆ ಬಿಳುಪಿನ ಸುತ್ತ ಮಣ್ಣು ಒಮ್ಮೆಲೇ ಕಪ್ಪಾಯಿತು. ಹುಟ್ಟಿದಾಗಿನಿಂದ ಕಂಡ ನೆಲ ಇಷ್ಟು ಕಪ್ಪೆಂದು ನನಗೆ ಗೊತ್ತೇ ಇರಲಿಲ್ಲ. ಹಕ್ಕಿ ದೂರ ಸರಿದು ಚುಕ್ಕಿಯಾದಷ್ಟೂ ಹೊಲ ಬೆಳೆಯುತ್ತ ಹೋಗಿ ಮುಗಿಲು ಮುಟ್ಟಿತು. ಬಾಯಿ ತೆರೆದು ನಿಂತ ನನ್ನನ್ನು ಕಂಡು ಅಣ್ಣ ಟ್ರ್ಯಾಕ್ಟರ್ ನಿಲ್ಲಿಸಿ, “ಯಾಕಲೇ, ಹಾವು ಕಂಡತೇನು?” ಎಂದ.

ಮನೆಗೆ ಬಂದು ಎರಡು ಪುಟ ಹರಿದೆ. ಹತ್ತೇ ಸಾಲು ಬರೆದೆ: ಒಂದು ಟ್ರ್ಯಾಕ್ಟರ್, ಒಂದು ಬೆಳ್ಳಕ್ಕಿ, ಉಳಿದದ್ದೆಲ್ಲ ಮಣ್ಣು. ಈ ಸಲ ದನಿ ಗಂಭೀರ ಮಾಡದೆ ಓದಿ ಹೇಳಿದೆ. ಮುಗಿದರೂ ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. ಇದೂ ಕೆಟ್ಟಿತು ಅಂದುಕೊಂಡೆ.

“ಬನ್ನಿಗಿಡದ ಕಡೆ ಮೂಲಿ ಹರಗಲಾರದ ಹಂಗ ಬಿಟ್ಟಾನ ನೋಡು, ಮೈಗಳ್ಳ” ಎಂದು ಮಗನನ್ನು ಬೈದಳು.

ನಾನು ಬನ್ನಿಗಿಡದ ಹೆಸರೇ ಎತ್ತಿರಲಿಲ್ಲ. ಮೂಲೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಪಡಸಾಲೆಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿ ಆ ಮೂಲೆ ಹರಗಿದ್ದಾನೋ ಇಲ್ಲವೋ ಎಂದು ಕೇಳಿದೆ. ಅವನು ನನ್ನನ್ನೇ ತಿರುಗಿ ಕೇಳಿದ:

“ಅವ್ವಗ ಯಾರು ಹೇಳಿದ್ರಲೇ?”